ಹುಲಿಗೆಮ್ಮನನ್ನು ಸೋಲಿಸಲು ಈಜಿಪ್ಟಿಗೆ

ಸಿಂಧನೂರು

ಮೊದಲು ಖರ್ಚು ಹೇಳಿಬಿಡುತ್ತೇನೆ, ಯಾಕೆಂದರೆ ತಿರುಗಿ ಬಂದ ಮೇಲೆ ಎಲ್ಲರೂ ಮೊದಲು ಕೇಳಿದ್ದು ಅದನ್ನೇ. ಇಬ್ಬರಿಗೆ ಎರಡು ಲಕ್ಷ ಮೂವತ್ತು ಸಾವಿರ. ಸಿಂಧನೂರಿನ ಟೂರ್ ಏಜೆಂಟ್ ಬಾಯಿ ತೆರೆದದ್ದು ಎರಡು ಎಂಬತ್ತಕ್ಕೆ. ನಾನು ಮೂರು ಸಲ ಕುರ್ಚಿಯಿಂದ ಎದ್ದು, ಎರಡು ಸಲ ಹೊಸ್ತಿಲು ದಾಟಿ, ಒಂದು ಸಲ ಆಟೋವನ್ನೇ ಕೈ ಮಾಡಿ ನಿಲ್ಲಿಸಿ ಆ ಬೆಲೆಗೆ ತಂದೆ. ಲಿಂಗಸುಗೂರು, ಮಸ್ಕಿ ಸಂತೆಗಳಲ್ಲಿ ಬಳೆ ಮಾರುತ್ತಿದ್ದ ಅವ್ವನ ಪಕ್ಕ ಕುಳಿತು ಬೆಳೆದವಳು ನಾನು. ಯಾವಾಗ ಎದ್ದು ಹೋಗಬೇಕು, ಯಾವಾಗ ತಿರುಗಿ ನೋಡಬಾರದು ಎಂಬುದನ್ನು ಡಿ.ಎಡ್. ಮಾಡುವ ಎಷ್ಟೋ ವರ್ಷ ಮೊದಲೇ ಕಲಿತಿದ್ದೆ.

ಇನ್ನು ಕಾರಣ. ಪಿರಮಿಡ್ ಅಲ್ಲ, ಪುಣ್ಯವೂ ಅಲ್ಲ. ಹತ್ತು ವರ್ಷದ ಹುಡುಗಿಯೊಬ್ಬಳ ಜೊತೆ ವಾದ ಗೆಲ್ಲಬೇಕಿತ್ತು.

ಬಳಗಾನೂರು ಕಡೆಯ ಒಂದು ಊರಿನ ಶಾಲೆಯಲ್ಲಿ ನಾನು ಐದನೇ ತರಗತಿಯ ಟೀಚರ್. ಪುಸ್ತಕದ ಮೇಲೆ ‘ಪರಿಸರ ಅಧ್ಯಯನ’ ಎಂದಿದ್ದರೂ ನಕ್ಷೆ ಬಿಚ್ಚುವ ಗುರುವಾರವನ್ನು ನಾನು ಭೂಗೋಳದ ದಿನ ಎಂದೇ ಕರೆಯುತ್ತೇನೆ. ಹದಿನಾರು ವರ್ಷದಿಂದ ನನ್ನ ಭೂಗೋಳ ಒಂದು ಕೂಗಿನಿಂದ ಶುರುವಾಗುತ್ತಿತ್ತು. ನಾನು ಕೋಲು ಹಿಡಿದು ನಕ್ಷೆಯ ನಾಲ್ಕು ಅಂಚು ಮುಟ್ಟುವುದು, ಮಕ್ಕಳು ಗಂಟಲು ಹರಿಯುವಂತೆ ಒದರುವುದು: “ಮ್ಯಾಲೆ ಉತ್ತರ, ಕೆಳಗ ದಕ್ಷಿಣ! ಬಲಕ ಪೂರ್ವ, ಎಡಕ ಪಶ್ಚಿಮ!” ರಸ್ತೆಯಲ್ಲಿ ಹೋಗುವವರಿಗೂ ಬಾಯಿಪಾಠವಾಗಿತ್ತು.

ಆಗಸ್ಟಿನಲ್ಲಿ ನಮ್ಮೂರ ನಕ್ಷೆ ಬರೆಯಿರಿ ಎಂದೆ. ಹುಲಿಗೆಮ್ಮ ಬರೆದಳು. ಈ ಹುಡುಗಿ ಸ್ಕೇಲ್ ಇಲ್ಲದೆ ನೆಟ್ಟಗೆ ಗೆರೆ ಎಳೆಯುತ್ತಾಳೆ. ಅಂಥವರು ಶಾಲೆಗೆ ಒಬ್ಬರೇ ಇರುತ್ತಾರೆ. ಹಾಳೆಯ ಮೇಲ್ತುದಿಯಲ್ಲಿ ಹಲ್ಲುಗಳಂತೆ ಗೇಟು ಬಿಡಿಸಿದ ಡ್ಯಾಮ್, ಅಲ್ಲಿಂದ ಕೆಳಗಿಳಿಯುವ ಕಾಲುವೆ, ನಡುವೆ ಶಾಲೆ, ಹನುಮಪ್ಪನ ಗುಡಿ, ಬೇವಿನ ಮರ, ಹಾಳೆಯ ಕೆಳತುದಿಯಲ್ಲಿ ಅವರ ಹೊಲ. ಗೊತ್ತಿಲ್ಲದವರಿಗೆ ಹೇಳಬೇಕು: ನಮ್ಮ ಕಾಲುವೆ ದಕ್ಷಿಣದಿಂದ ಬಂದು ಉತ್ತರಕ್ಕೆ ಹೋಗುತ್ತದೆ. ಅಂದರೆ ಅವಳು ದಕ್ಷಿಣವನ್ನು ತಲೆಯ ಮೇಲೆ ಕೂರಿಸಿದ್ದಳು. ನಾನು ಕೆಂಪು ಪೆನ್ನಿನಿಂದ ‘ದಿಕ್ಕು ತಪ್ಪು’ ಎಂದು ಬರೆದು ಕೋಳಿಮೊಟ್ಟೆಯಷ್ಟು ದೊಡ್ಡ ಸೊನ್ನೆ ಹಾಕಿದೆ.

ಅವಳು ಹಾಳೆ ಹಿಡಿದುಕೊಂಡು ಟೇಬಲ್ಲಿನ ಹತ್ತಿರ ಬಂದಳು. “ಟೀಚರ್, ನೀರು ಮ್ಯಾಲಿಂದ ಬರತೈತಲ್ರೀ? ನಮ್ಮ ಹೊಲ ಕೆಳಗ ಐತಿ. ಮ್ಯಾಲಿನವ್ರು ನೀರು ಬಿಡವಲ್ರು ಅಂತ ನಮ್ಮಪ್ಪ ದಿನಾ ಬೈತಾನ.”

“ಅದು ಕಾಲುವಿ ಮಾತು. ನಕ್ಷೆದಾಗ ಮ್ಯಾಲೆ ಅಂದ್ರ ಉತ್ತರ. ನಮ್ಮ ನೀರು ದಕ್ಷಿಣದಿಂದ ಬರತೈತಿ, ಅಂದ್ರ ಕೆಳಗಿಂದ.”

“ಕೆಳಗಿಂದ ಮ್ಯಾಲಕ್ಕ ನೀರು ಹೆಂಗ ಹತ್ತತೈತ್ರೀ? ಮೋಟಾರ್ ಹಚ್ಚ್ಯಾರೇನು?”

ಇಡೀ ತರಗತಿ ನಕ್ಕಿತು. ನನಗೆ ಸಿಟ್ಟು ಬಂತು. ಗೋಡೆಯ ಮೇಲಿನ ಪ್ರಪಂಚದ ನಕ್ಷೆಗೆ ಕೋಲು ಹಚ್ಚಿದೆ. “ಇಲ್ಲಿ ನೋಡು, ನೈಲ್ ನದಿ. ಎಷ್ಟು ದೊಡ್ಡದೈತಿ! ಕೆಳಗಿಂದ ಮ್ಯಾಲಕ್ಕ ಹೊಂಟೈತಿ. ಅದಕ ಯಾರು ಮೋಟಾರ್ ಹಚ್ಚ್ಯಾರ?”

“ನೀವು ನೋಡೀರೇನ್ರೀ?”

ನೋಡಿರಲಿಲ್ಲ. ನೋಡಿಲ್ಲ ಎಂದು ಹೇಳಿ ಕುಳಿತುಕೊಂಡಿದ್ದರೆ ಎರಡು ಲಕ್ಷ ಉಳಿಯುತ್ತಿತ್ತು. ನಾನು ಹೇಳಿದ್ದು ಬೇರೆ. “ತಲಿ ಕೆಳಗ ಮಾಡಿ ನಿಂತವ್ರಿಗೆ ಎಲ್ಲಾ ಹಂಗಾ ಕಾಣತೈತಿ. ಹೋಗಿ ಕುಂದರು, ಉಲ್ಟಾ ಹುಲಿಗಿ.”

ಅವಳು ಹಾಳೆಯನ್ನು ನನ್ನ ಟೇಬಲ್ಲಿನ ಮೇಲೆಯೇ ಬಿಟ್ಟು ಹೋದಳು. ಟೀಚರ್ ಬಾಯಿಂದ ಬಿದ್ದ ಹೆಸರನ್ನು ಮಕ್ಕಳು ನೆಲಕ್ಕೆ ಬೀಳಗೊಡುವುದಿಲ್ಲ. ಮಧ್ಯಾಹ್ನದ ಊಟದ ಸಾಲಿನಲ್ಲೇ ಶುರುವಾಯಿತು: “ಏ ಉಲ್ಟಾ ಹುಲಿಗಿ, ಸಾರು ತಳದಾಗ ಹಾಕಿಸ್ಕೋ, ಅನ್ನ ಮ್ಯಾಲೆ ಹಾಕಿಸ್ಕೋ!” ಮುಂದಿನ ಗುರುವಾರ ಅವಳು ಬರಲಿಲ್ಲ. ಅದರ ಮುಂದಿನ ಗುರುವಾರವೂ ಇಲ್ಲ. ಅವಳ ತಾಯಿ ದುರುಗಮ್ಮ ಶಾಲೆಯ ಗೇಟಿನಲ್ಲಿ ಸಿಕ್ಕಾಗ ವಿಚಾರಿಸಿದೆ.

“ಗುರುವಾರ ಬಂತಂದ್ರ ಹೊಟ್ಟಿನೋವು ಅಂತಾಳ್ರೀ ಅಕ್ಕೋರ. ನನ್ನ ಜೊತಿ ಕಳೆ ಕೀಳಾಕ ಬರತಾಳ. ಕಳೆ ಕೀಳುವಾಗ ನೋವು ಇರಂಗಿಲ್ಲ ನೋಡ್ರಿ.”

ಅದನ್ನು ದುರುಗಮ್ಮ ನಗುತ್ತಲೇ ಹೇಳಿದಳು. ನನಗೆ ನಗು ಬರಲಿಲ್ಲ. ಇವತ್ತು ಗುರುವಾರ ತಪ್ಪಿಸುವ ಹುಡುಗಿ ನಾಳೆ ಬುಧವಾರವನ್ನೂ ತಪ್ಪಿಸುತ್ತಾಳೆ, ಆಮೇಲೆ ವಾರವೇ ಹೊಲದಲ್ಲಿ ಕಳೆಯುತ್ತದೆ. ಇಂಥ ಮೂರು ಹುಡುಗಿಯರನ್ನು ಕಂಡಿದ್ದೇನೆ. ಈ ಒಬ್ಬಳು ಮಾತ್ರ ನಾನೇ ಕೊಟ್ಟ ಹೆಸರು ಹೊತ್ತುಕೊಂಡು ಹೊರಟಿದ್ದಳು. ಸಾಲದ್ದಕ್ಕೆ, ದಸರಾ ರಜೆ ಮುಗಿದ ಮೇಲೆ ಶಾಲೆಯ ಗೋಡೆಗೆ ಊರಿನ ನಕ್ಷೆ ಬರೆಸುವುದೆಂದು ಹೆಡ್‌ಮಾಸ್ತರರು ಠರಾಯಿಸಿದ್ದರು. ನೆಟ್ಟಗೆ ಗೆರೆ ಎಳೆಯುವ ಕೈ ಒಂದೇ ಇತ್ತು, ಅದು ಕಳೆ ಕೀಳುತ್ತಿತ್ತು.

ನನ್ನ ಲೆಕ್ಕ ಹೀಗಿತ್ತು: ಆ ರಜೆಯಲ್ಲೇ ಹೋಗಿ ನೈಲ್ ನದಿಯ ದಂಡೆಯಲ್ಲಿ ನಿಂತು ಫೋಟೋ ಹೊಡೆಸಿಕೊಳ್ಳುವುದು, ‘ನೋಡೀನಿ’ ಎಂದು ಅವಳ ಮುಂದೆ ಹಿಡಿಯುವುದು, ಗೆಲ್ಲುವುದು, ಗೆದ್ದ ಮೇಲೆ ದೊಡ್ಡ ಮನಸ್ಸು ಮಾಡಿ ಬಾ ಎನ್ನುವುದು. ಹೇಗೂ ಇಪ್ಪತ್ತು ವರ್ಷದಿಂದ ಚೀಟಿ ಕಟ್ಟುತ್ತಾ ಎಲ್ಲಿಗೂ ಹೋಗದವಳು. ನನ್ನ ಯಜಮಾನರು ಅಮರೇಶ, ಅಕ್ಕಿ ಗಿರಣಿಯಲ್ಲಿ ಫಿಟರ್. ಅವರಿಗೆ ಹೇಳಿದಾಗ ಕೈಯಲ್ಲಿದ್ದ ಪಾನಾ ಕೆಳಗಿಟ್ಟು ಕೇಳಿದರು: “ಎಲ್ಲಾರೂ ಥೈಲ್ಯಾಂಡಿಗೆ ಹೋಗಿ ಮಜಾ ಮಾಡಿ ಬರತಾರ. ನೀ ಯಾಕ ರೊಕ್ಕ ಕೊಟ್ಟು ಹೆಣ ನೋಡಾಕ ಹೊಂಟಿ?”

“ಹೆಣ ಅಲ್ರೀ, ನದಿ.”

“ನದಿ ಇಲ್ಲೇ ಮುಕ್ಕುಂದದಾಗೂ ಐತಿ. ಬಸ್ಸಿಗೆ ಫ್ರೀ ಟಿಕೆಟ್ ಬ್ಯಾರೆ ಐತಿ ನಿನಗ.”

ಕೈರೋ

ಪಿರಮಿಡ್ ನೋಡಿದೆ. ದೊಡ್ಡವಿವೆ. ಅದರ ಬಗ್ಗೆ ಬೇರೆಯವರು ಬೇಕಾದಷ್ಟು ಬರೆದಿದ್ದಾರೆ. ಅಲ್ಲಿ ಒಂಟೆಯವನೊಬ್ಬ ಯಜಮಾನರನ್ನು ‘ಫ್ರೀ, ಫ್ರೀ’ ಎಂದು ಹತ್ತಿಸಿದ. ಹತ್ತುವುದು ನಿಜವಾಗಿಯೂ ಫ್ರೀ. ಇಳಿಯುವುದಕ್ಕೆ ದುಡ್ಡು. ಇವರು ಮೇಲೆ, ನಾನು ಕೆಳಗೆ, ಒಂಟೆ ನಡುವೆ, ಅರ್ಧ ತಾಸು ಚೌಕಾಸಿ. “ಏನರ ಕೊಟ್ಟು ಇಳಿಸಬೇ, ಸೊಂಟ ಹೋತು!” ಎಂದು ಇವರು ಒದರುತ್ತಿದ್ದರು. ಇಂಥ ಹೊತ್ತಿನಲ್ಲಿ ಸರಕಿನ ಮೇಲೆ ಆಸೆ ತೋರಿಸಬಾರದು. ಇಟ್ಟುಕೋ ಎಂದು ಕೈ ಬೀಸಿ ನಾಲ್ಕು ಹೆಜ್ಜೆ ಹೋದೆ. ಒಂಟೆಯವನು ಇವರನ್ನು ಒಮ್ಮೆ ನೋಡಿದ, ಇವರಿಗೆ ಹಾಕಬೇಕಾದ ಊಟವನ್ನು ಲೆಕ್ಕ ಹಾಕಿದನೇನೋ, ಕೂಡಲೇ ಒಂಟೆಯನ್ನು ಕೂರಿಸಿದ.

ಕೈರೋದ ರಸ್ತೆ ದಾಟುವುದಕ್ಕೆ ಸಿಂಧನೂರಿನ ಗಾಂಧಿ ಸರ್ಕಲ್ಲಿನಲ್ಲಿ ಸಂತೆಯ ದಿನ ದಾಟಿ ರೂಢಿಯಿದ್ದರೆ ಸಾಕು. ಜನ ಹಾರ್ನ್ ಹೊಡೆಯುವುದು ದಾರಿ ಬಿಡಲಿ ಎಂದಲ್ಲ, ತಾವು ಬದುಕಿದ್ದೇವೆ ಎಂದು ತಿಳಿಸಲು. ರೊಟ್ಟಿಯಂಥ ಬ್ರೆಡ್ಡನ್ನು ಬಾಗಿಲಿನಷ್ಟು ಅಗಲದ ಹಲಗೆಯ ಮೇಲೆ ಹರಡಿ, ಆ ಹಲಗೆಯನ್ನು ತಲೆಯ ಮೇಲಿಟ್ಟು, ಒಂದೇ ಕೈಯಲ್ಲಿ ಸೈಕಲ್ ಹೊಡೆಯುತ್ತಾ ಕಾರುಗಳ ನಡುವೆ ಹೋಗುತ್ತಾರೆ. ನಾನು ಅಂಥವನೊಬ್ಬ ಬೀಳುತ್ತಾನೇನೋ ಎಂದು ಮೂಲೆಯವರೆಗೂ ನೋಡಿದೆ. ಬೀಳಲಿಲ್ಲ. ಅನ್ನ, ಬೇಳೆ, ಮೆಕರೋನಿ ಮೂರನ್ನೂ ಒಂದೇ ಬಟ್ಟಲಿಗೆ ಸುರಿದು ಮೇಲೆ ಹುರಿದ ಉಳ್ಳಾಗಡ್ಡಿ ಉದುರಿಸಿ ಕೊಡುತ್ತಾರೆ. ನಮ್ಮಲ್ಲಿ ಲಗ್ನದ ಮರುದಿನ ಉಳಿದದ್ದನ್ನೆಲ್ಲ ಕಲಸಿದಂತೆ ಕಾಣುತ್ತದೆ, ರುಚಿ ಮಾತ್ರ ಲಗ್ನದ ದಿನದ್ದು.

ನನಗೆ ಅಲ್ಲಿ ನಿಜವಾಗಿ ಉಪಯೋಗಕ್ಕೆ ಬಂದದ್ದು ಇಂಗ್ಲಿಷ್ ಅಲ್ಲ, ನಿಜಾಮನ ಕಾಲದಿಂದ ನಮ್ಮ ಬಾಯಲ್ಲಿ ಉಳಿದ ಮಾತು. ಹಳೆಯ ಬಜಾರಿನಲ್ಲಿ ಅಂಗಡಿಯವನು ಕೂರಲು ತೋರಿಸಿ ‘ಕುರ್ಸಿ’ ಎಂದ. ಫ್ಯಾನ್ ಹಚ್ಚಿ ‘ಹವಾ’ ಎಂದ. ನಾನು ಬೆರಗಾಗಿ, ಇವನೇನು ಲಿಂಗಸುಗೂರಿನವನೇ ಎಂದು ಮುಖ ನೋಡಿದೆ. ಮಕ್ಕಳಿಗೆ ತೋರಿಸಲು ಒಂದು ಹಿತ್ತಾಳೆಯ ದಿಕ್ಸೂಚಿ ಬೇಕಿತ್ತು. ಅವನು ಹೇಳಿದ ಬೆಲೆಗೆ ನಾನು ನಕ್ಕೆ. ನಾನು ಹೇಳಿದ ಬೆಲೆಗೆ ಅವನು ಅಳುವವನಂತೆ ಮಾಡಿದ. ಮೂರನೇ ಚಹಾಕ್ಕೆ ಇಬ್ಬರೂ ಒಂದು ಬೆಲೆಗೆ ಬಂದೆವು. “ಖಲಾಸ್?” ಎಂದೆ. “ಖಲಾಸ್!” ಎಂದು ಅವನು ಕೈ ಚಾಚಿದ. ನಮ್ಮೂರಲ್ಲಿ ಹಾಲು ಮುಗಿದರೂ ಖಲಾಸ್, ವ್ಯವಹಾರ ಮುಗಿದರೂ ಖಲಾಸ್, ಅಲ್ಲೂ ಹಾಗೆಯೇ.

ಹೋಟೆಲಿಗೆ ಬಂದು ದಿಕ್ಸೂಚಿ ತೆಗೆದರೆ, ಅದರ ಮುಳ್ಳು ಎತ್ತ ತಿರುಗಿಸಿದರೂ ನನ್ನ ಕಡೆಗೇ ತೋರಿಸುತ್ತಿತ್ತು. ಮುಳ್ಳು ತಗಡಿಗೆ ಅಂಟಿಕೊಂಡಿತ್ತು. ಬೆಲೆ ಇಳಿಸುವ ಸಡಗರದಲ್ಲಿ ಸರಕನ್ನೇ ನೋಡಿರಲಿಲ್ಲ.

“ಉತ್ತರ ಎಲ್ಲೈತಿ ಅಂದ್ರ ನೀನಾ ಅಂತೈತಿ,” ಎಂದರು ಯಜಮಾನರು. “ನಿಮ್ಮ ಕ್ಲಾಸಿನಾಗೂ ಹಂಗಾ ಅಲ್ಲೇನು?”

ತಪ್ಪಿದ ರೈಲು

ಲಕ್ಸರ್ ಊರಿಗೆ ಏಜೆಂಟ್ ವಿಮಾನ ಹೇಳಿದ್ದ. ನಾನು ಅದನ್ನು ಹೊಡೆದು ಹಾಕಿ ರೈಲು ಮಾಡಿಸಿದ್ದೆ. ಬೆಳಿಗ್ಗೆ ದೊಡ್ಡ ಸ್ಟೇಷನ್ನಿಗೆ ಹೋಗಿ ಪೊಲೀಸಪ್ಪನೊಬ್ಬನಿಗೆ ಟಿಕೆಟ್ ತೋರಿಸಿದೆ. ಅವನು ದೂರದ ಪ್ಲಾಟ್‌ಫಾರ್ಮ್ ಕಡೆ ಕೈ ಮಾಡಿ, “ಲಕ್ಸರ್, ಅಪ್ಪರ್ ಈಜಿಪ್ಟ್, ಅಲ್ಲಿ” ಎಂದ. ಅಪ್ಪರ್ ಎಂದರೆ ಮೇಲಿನದು. ಅಷ್ಟು ಇಂಗ್ಲಿಷ್ ನನಗೆ ಬರುತ್ತದೆ.

ನಾನು ಯಜಮಾನರನ್ನು ಪಕ್ಕಕ್ಕೆ ಎಳೆದೆ. “ಈ ಮನಷ್ಯಾನಿಗೆ ಗೊತ್ತಿಲ್ಲ. ಲಕ್ಸರ್ ಇರೋದು ಕೈರೋದ ಕೆಳಗ. ಹದಿನಾರು ವರ್ಷ ಆತು ಆ ನಕ್ಷೆ ನನ್ನ ಕ್ಲಾಸಿನ ಗ್ವಾಡಿ ಮ್ಯಾಲೆ ಜೋತು ಬಿದ್ದು. ಕೆಳಗಿನ ಊರಿಗೆ ಮ್ಯಾಲಿನ ಗಾಡಿ ಯಾಕ ಹತ್ತೋಣು?”

“ಪೊಲೀಸ್ ಹೇಳ್ಯಾನಲ್ಲೇ.”

“ಪೊಲೀಸ್ ಭೂಗೋಳ ಹೇಳತಾನೇನ್ರೀ?”

ಇವರು ಸ್ವಲ್ಪ ಯೋಚಿಸಿ, “ಅಲ್ಲಾ, ಮ್ಯಾಲೆ ಹೋಗೋದು ಅಂದ್ರ ನಮ್ಮ ಕಡೆ ಬ್ಯಾರೆ ಅರ್ಥ ಐತಿ. ಕೆಳಗ ಹೋಗೋದಾ ಚಲೋ” ಎಂದರು. ನಾನು ‘ಲೋವರ್ ಈಜಿಪ್ಟ್’ ಯಾವುದು ಎಂದು ಇನ್ನೊಬ್ಬನನ್ನು ಕೇಳಿದೆ, ಅವನು ತೋರಿಸಿದ ಗಾಡಿ ಹತ್ತಿದೆವು. ನಮ್ಮ ನಂಬರಿನ ಸೀಟಿನಲ್ಲಿ ತಾಯಿಯೊಬ್ಬಳು ಎರಡು ಮಕ್ಕಳನ್ನು ಕೂರಿಸಿಕೊಂಡು ಕುಳಿತಿದ್ದಳು. ಏಳಿ ಎಂದೆ. ಅವಳು ನನ್ನ ಟಿಕೆಟ್ ನೋಡಿದಳು. ಆ ಹೊತ್ತಿಗೆ ಗಾಡಿ ಹೊರಟಿತ್ತು. ಅವಳು ಎದೆಯ ಮೇಲೆ ಕೈ ಇಟ್ಟುಕೊಂಡು ನಗಲು ಶುರು ಮಾಡಿದಳು. ಟಿಕೆಟ್ ಡಬ್ಬಿಯ ತುಂಬ ತಿರುಗಿತು. ತಿರುಗಿದ ಕಡೆಯೆಲ್ಲ ನಗು. ಯಾರೋ ಕಿತ್ತಳೆ ಹಣ್ಣು ಕೊಟ್ಟರು. ಸೋತವರಿಗೆ ಹಣ್ಣು ಕೊಡುವ ಪದ್ಧತಿ ನನಗೆ ಹಿಡಿಸಿತು.

ಆ ತಾಯಿ ಗಾಡಿ ಹೋಗುತ್ತಿದ್ದ ದಿಕ್ಕಿಗೆ ಕೈ ಇಳಿಸಿ “ಬಹ್ರಿ, ಬಹ್ರಿ” ಎಂದಳು. ಹಿಂದಕ್ಕೆ ತೋರಿಸಿ, ಕೈಯನ್ನು ಏಣಿ ಹತ್ತಿಸಿದಂತೆ ಮೇಲೆತ್ತಿ “ಸಯೀದ್!” ಎಂದಳು. ಎದುರು ಸೀಟಿನಲ್ಲಿದ್ದ ಕನ್ನಡಕದ ಅಜ್ಜ ನಿವೃತ್ತ ಗುಮಾಸ್ತರಂತೆ, ಇಂಗ್ಲಿಷ್ ಬಲ್ಲವರು. ನಿಧಾನವಾಗಿ ಬಿಡಿಸಿ ಹೇಳಿದರು: ಬಹ್ರಿ ಎಂದರೆ ಸಮುದ್ರದ ಕಡೆ, ಅದು ಉತ್ತರ. ಸಯೀದ್ ಎಂದರೆ ಏರುವ ನಾಡು, ಅದು ದಕ್ಷಿಣ, ಲಕ್ಸರ್ ಇರುವುದು ಅಲ್ಲಿ.

“ದಕ್ಷಿಣ ಹೇಗೆ ಮೇಲಾಗುತ್ತದೆ?” ಎಂದು ಕೇಳಿದೆ. ನನ್ನ ದನಿ ಸ್ವಲ್ಪ ಜೋರಾಗಿಯೇ ಇತ್ತು.

ಅಜ್ಜ ನನ್ನನ್ನು ಕನಿಕರದಿಂದ ನೋಡಿದರು. “ಅಮ್ಮಾ, ನೀರು ಅಲ್ಲಿಂದ ಬರುತ್ತದಲ್ಲ?”

ನನಗೂ ಹೊಟ್ಟೆನೋವು ಎಂದು ಹೇಳಿ ಇಳಿದುಬಿಡಬೇಕು ಎನಿಸಿತು. ಅವತ್ತು ಗುರುವಾರವೂ ಆಗಿರಲಿಲ್ಲ.

ಬನ್ಹಾ ಎಂಬ ಊರಲ್ಲಿ ಇಳಿದೆವು. ತಿರುಗಿ ಹೋಗುವ ಗಾಡಿಗೆ ಒಂದು ತಾಸು ಇತ್ತು. ಸ್ಟೇಷನ್ನಿನ ಆಚೆ ಕಾಲುವೆ, ಕಾಲುವೆಯ ಆಚೆ ಕೊಯ್ದ ಭತ್ತದ ಗದ್ದೆ, ಸುಟ್ಟ ಹುಲ್ಲಿನ ಹೊಗೆ. ಯಜಮಾನರು ಅಲ್ಲಿಯವರೆಗೆ ಇಷ್ಟು ಖುಷಿಯಾಗಿದ್ದನ್ನು ನಾನು ಕಂಡಿರಲಿಲ್ಲ. “ಇದು ನಮ್ಮ ಕಾರಟಗಿನಾ ನೋಡು! ಬರೇ ಬೋರ್ಡಿನ ಅಕ್ಷರ ಬ್ಯಾರೆ.” ಹೋಗಿ ನಾಲ್ಕು ಕಾಳು ಬಿಡಿಸಿ ಅಂಗೈಯಲ್ಲಿ ತಿಕ್ಕಿ, “ಗುಂಡ ಅಕ್ಕಿ. ನಮ್ಮ ಗಿರಣಿದಾಗ ಹೊಟ್ಟು ಬಿಡಿಸೋ ರಬ್ಬರಿಗೆ ಆಗಂಗಿಲ್ಲ” ಎಂದು ತೀರ್ಪು ಕೊಟ್ಟರು. ನನಗೆ ಅಕ್ಕಿಯ ಮೇಲೆ ಮನಸ್ಸಿರಲಿಲ್ಲ. ಇಬ್ಬರಿಗೂ ಹೊಸ ಟಿಕೆಟ್ ಕೊಳ್ಳಬೇಕಾಯಿತು. ಚೌಕಾಸಿಗೆ ಸರ್ಕಾರಿ ಕಿಟಕಿಯಲ್ಲಿ ಜಾಗವಿರಲಿಲ್ಲ.

ಲಕ್ಸರ್

ಗುಡಿಗಳು ಇವೆ, ಕಂಬಗಳಿವೆ, ಕಂಬದ ಬುಡದಿಂದ ತುದಿಯವರೆಗೆ ಬರಹವಿದೆ. ನಮ್ಮ ಮಸ್ಕಿಯ ಗುಡ್ಡದ ಬಂಡೆಯ ಮೇಲೂ ಅಶೋಕ ಬರೆಸಿದ್ದಾನಪ್ಪ, ಹೇಳಬೇಕಾದ್ದನ್ನು ಏಳೆಂಟು ಸಾಲಿನಲ್ಲಿ ಹೇಳಿ ಮುಗಿಸಿದ್ದಾನೆ. ಇಲ್ಲಿನ ರಾಜರಿಗೆ ಎಷ್ಟು ಹೇಳಿದರೂ ತೃಪ್ತಿಯಿಲ್ಲ. ಆದರೆ ಒಂದು ಗೋಡೆಯ ಹತ್ತಿರ ಗೈಡ್ ಹೇಳಿದ ಮಾತಿಗೆ ನಾನು ನಿಂತೆ. ಆ ಬರಹದಲ್ಲಿ ಹಾಯಿ ಬಿಚ್ಚಿದ ದೋಣಿ ಬರೆದರೆ ‘ದಕ್ಷಿಣಕ್ಕೆ, ಮೇಲಕ್ಕೆ ಹೋಗು’ ಎಂದು ಅರ್ಥವಂತೆ. ಹಾಯಿ ಇಲ್ಲದ ದೋಣಿಯಾದರೆ ‘ಉತ್ತರಕ್ಕೆ, ಕೆಳಕ್ಕೆ’. ನಾನು ಗೋಡೆಯನ್ನು ನೋಡಿದೆ, ಗೋಡೆ ನನ್ನನ್ನು ನೋಡಿತು. ಹುಲಿಗೆಮ್ಮನ ಕಡೆಯವರು ಒಬ್ಬೊಬ್ಬರಾಗಿ ಹೆಚ್ಚುತ್ತಿದ್ದರು.

ಸಂಜೆ ನದಿಯ ಮೇಲೆ ಹೋಗಲು ಮಹಮೂದ್ ಎಂಬ ದೋಣಿಯವನನ್ನು ಹಿಡಿದೆ. ಐವತ್ತು ದಾಟಿದವನು, ಅಂಗಾಲು ನಮ್ಮ ಎರೆಹೊಲದಂತೆ ಬಿರಿದಿತ್ತು. ಬೆಲೆ ಹೇಳಿದ, ನಾನು ಎದ್ದು ಹೋದೆ. ಕರೆಯಲಿಲ್ಲ. ಇಪ್ಪತ್ತು ಹೆಜ್ಜೆ ಹೋಗಿ ಕದ್ದು ನೋಡಿದರೆ ಅವನೂ ಎದ್ದು ಆ ಕಡೆ ಹೊರಟಿದ್ದ. ಇಂಥವನು ನನಗೆ ಬದುಕಿನಲ್ಲಿ ಮೊದಲ ಸಲ ಸಿಕ್ಕಿದ್ದು. ಇಬ್ಬರೂ ತಿರುಗಿ ಬಂದು ನಡುವಿನ ಬೆಲೆಗೆ ಖಲಾಸ್ ಎಂದೆವು.

ಅವನು ಹಾಯಿ ಬಿಚ್ಚಿದ. ಗಾಳಿ ಉತ್ತರದಿಂದ ಬಂದು ಹಾಯಿಗೆ ತುಂಬಿತು, ದೋಣಿ ಹರಿವಿಗೆ ಎದುರಾಗಿ ದಕ್ಷಿಣಕ್ಕೆ ಹೊರಟಿತು. ನಾನು ಕೈ ಅದ್ದಿ ನೋಡಿದೆ. ನೀರು ನನ್ನ ಬೆರಳುಗಳನ್ನು ಹಿಂದಕ್ಕೆ ತಳ್ಳುತ್ತಿತ್ತು. ಫೋಟೋ ತೆಗೆಯಲು ಫೋನ್ ಕೊಟ್ಟರೆ ಯಜಮಾನರಿಗೆ ಹಸಿವಾಗಿತ್ತು. ಚೀಲದಿಂದ ಚಪಾತಿ ತೆಗೆದರು, ಶೇಂಗಾ ಚಟ್ನಿಯ ಪೊಟ್ಟಣ ತೆಗೆದರು.

ಇಲ್ಲಿ ನನ್ನ ಒಂದು ರೂಢಿ ಒಪ್ಪಿಕೊಳ್ಳಬೇಕು. ಶಾಲೆಯಲ್ಲಿ ತಪ್ಪಾದ ಹಾಳೆಗಳನ್ನು ನಾನು ಎಸೆಯುವುದಿಲ್ಲ. ಮನೆಗೆ ಒಯ್ದು ಪೊಟ್ಟಣ ಕಟ್ಟುತ್ತೇನೆ. ಯಜಮಾನರು ಪೊಟ್ಟಣ ಬಿಚ್ಚಿ ಹಲಗೆಯ ಮೇಲೆ ಹರಡಿದರು. ಚಟ್ನಿಯ ಕೆಳಗಿನಿಂದ ಡ್ಯಾಮಿನ ಹಲ್ಲುಗಳು ಕಂಡವು. ಹುಲಿಗೆಮ್ಮನ ನಕ್ಷೆ ನೈಲ್ ನದಿಯ ಮೇಲೆ ಎಣ್ಣೆ ಕುಡಿದುಕೊಂಡು ಮಲಗಿತ್ತು.

ಮಹಮೂದನಿಗೂ ಒಂದು ಚಪಾತಿ ಕೊಟ್ಟೆವು. ಅವನು ಚಟ್ನಿ ನೆಕ್ಕಿ ಕಣ್ಣೊರೆಸಿಕೊಂಡು, ಉಳಿದದ್ದನ್ನು ಚಪಾತಿಗೆ ಸುರಿದುಕೊಂಡು, ಹಾಳೆಯನ್ನು ಎತ್ತಿ ಹಿಡಿದ. ಅವನಿಗೆ ಕನ್ನಡ ಬರುವುದಿಲ್ಲ. ಅದಕ್ಕೇ ಬಹುಶಃ ಸರಿಯಾಗಿ ಓದಿದ. ಮೇಲಿನ ಡ್ಯಾಮಿನ ಮೇಲೆ ಬೆರಳಿಟ್ಟು ಖುಷಿಯಿಂದ ಕೂಗಿದ: “ಸದ್! ಸದ್! ಅಸ್ವಾನ್!” ಸದ್ ಎಂದರೆ ಡ್ಯಾಮ್, ಅಸ್ವಾನ್ ಎಂಬುದು ಲಕ್ಸರಿನ ದಕ್ಷಿಣಕ್ಕೆ ಇವರು ನೈಲ್ ನದಿಗೆ ಅಡ್ಡ ಕಟ್ಟಿದ ದೊಡ್ಡ ಡ್ಯಾಮಿನ ಊರು. ಬೆರಳು ಕಾಲುವೆಯ ಗುಂಟ ಇಳಿಯಿತು. ನಮ್ಮ ಶಾಲೆಯ ಹತ್ತಿರ ನಿಂತು “ಲಕ್ಸರ್” ಎಂದ. ಹನುಮಪ್ಪನ ಗುಡಿಯನ್ನು ಕೈರೋ ಮಾಡಿದ. ಕೆಳತುದಿಗೆ ಬಂದು, ಹುಲಿಗೆಮ್ಮನ ಅಪ್ಪನ ಎರಡು ಎಕರೆಯನ್ನು “ಬಹ್ರ್” ಎಂದು ಸಮುದ್ರಕ್ಕೆ ಸೇರಿಸಿದ.

“ಯಾರು ಬರೆದದ್ದು?” ಎಂದು ಕೈಸನ್ನೆಯಲ್ಲಿ ಕೇಳಿದ. ನನ್ನ ಸೊಂಟದ ಎತ್ತರ ತೋರಿಸಿ, ಜಡೆ ತೋರಿಸಿದೆ.

“ಶಾತ್ರಾ!” ಎಂದು ತಲೆಗೆ ಬೆರಳು ಮುಟ್ಟಿಸಿಕೊಂಡ. ಜಾಣೆ ಎಂದು. ಆಮೇಲೆ ಕೆಂಪು ಸೊನ್ನೆಯನ್ನು ಕಂಡು, “ಇದೇನು, ಸೂರ್ಯನೇ?” ಎನ್ನುವಂತೆ ಆಕಾಶ ತೋರಿಸಿದ. ಯಜಮಾನರು ಚಪಾತಿ ನುಂಗಲಾರದೆ ಕೆಮ್ಮಿದರು.

ಅವನ ಕೈಯಿಂದ ಹಾಳೆ ತೆಗೆದುಕೊಂಡು, ಮೇಲಿನ ಅಂಚನ್ನು ಕೆಳಗೆ ಮಾಡಿ ಹಿಡಿದೆ. ಅದನ್ನು ಆಗಸ್ಟಿನಲ್ಲೇ ಮಾಡಬೇಕಿತ್ತು. ಡ್ಯಾಮ್ ದಕ್ಷಿಣಕ್ಕೆ ಬಂತು. ಶಾಲೆ ಕಾಲುವೆಯ ಪೂರ್ವಕ್ಕೆ, ಗುಡಿ ಪಶ್ಚಿಮಕ್ಕೆ, ಬೇವಿನ ಮರ ಶಾಲೆಯ ಗೇಟಿನ ಬಲಕ್ಕೆ. ಎಲ್ಲವೂ ಇದ್ದ ಜಾಗದಲ್ಲೇ ಇದ್ದವು, ಒಂದು ಗೆರೆಯೂ ತಪ್ಪಿರಲಿಲ್ಲ. ಅವಳಿಗೆ ದಿಕ್ಕು ಗೊತ್ತಿತ್ತು. ಗೊತ್ತಿಲ್ಲದಿದ್ದದ್ದು ನನ್ನ ಕೂಗಿಗೆ: ಮೇಲೆ ಎನ್ನುವುದು ಕಾಗದದ ಮಾತು, ಉತ್ತರ ಎನ್ನುವುದು ನೆಲದ ಮಾತು, ಎರಡನ್ನೂ ಗಂಟು ಹಾಕಿ ಹದಿನಾರು ವರ್ಷ ಒದರಿಸಿದ್ದೆ. ತಿರುಗಿಸಿದ ಹಾಳೆಯಲ್ಲಿ ‘ದಿಕ್ಕು ತಪ್ಪು’ ಎಂಬ ನನ್ನ ಅಕ್ಷರ ತಲೆಕೆಳಗಾಗಿ ಬಿದ್ದಿತ್ತು. ಸೊನ್ನೆ ಮಾತ್ರ ಎತ್ತ ತಿರುಗಿಸಿದರೂ ಸೊನ್ನೆಯೇ.

“ಫೋಟೋ ತೆ‌ಗೀಲೇನು?” ಎಂದರು ಯಜಮಾನರು.

“ಬ್ಯಾಡ್ರಿ,” ಎಂದೆ. ಬರುವಾಗ ಮಹಮೂದ್ ಹಾಯಿ ಸುತ್ತಿಟ್ಟು ಕೈ ಕಟ್ಟಿ ಕುಳಿತ. ನೀರೇ ನಮ್ಮನ್ನು ಕೆಳಗೆ, ಉತ್ತರಕ್ಕೆ, ಇಳಿಸಿಕೊಂಡು ಬಂತು.

ತುದಿಯ ಹೊಲ

ರಜೆ ಮುಗಿದ ಮೊದಲ ಗುರುವಾರ ಹುಲಿಗೆಮ್ಮನ ಜಾಗ ಖಾಲಿಯಿತ್ತು. ಊಟದ ಬಿಡುವಿನಲ್ಲಿ ಕಾಲುವೆಯ ಏರಿ ಹಿಡಿದು ಕೊನೆಯವರೆಗೆ ನಡೆದೆ. ನಾನು ಆ ತುದಿಗೆ ಹೋದದ್ದು ಅದೇ ಮೊದಲು. ನೀರು ಅಲ್ಲಿಗೆ ಬರುವ ಹೊತ್ತಿಗೆ ಕೆಸರಾಗಿರುತ್ತದೆ. ಅದಕ್ಕೇ ಅವರದು ಭತ್ತವಲ್ಲ, ಹತ್ತಿ. ತಾಯಿ, ಮಗಳು ಸಾಲು ಹಿಡಿದು ಹತ್ತಿ ಬಿಡಿಸುತ್ತಿದ್ದರು.

“ಹೊಟ್ಟಿನೋವು ಹೆಂಗೈತಿ?” ಎಂದೆ. ಹುಲಿಗೆಮ್ಮ ನೆಲ ನೋಡಿದಳು. ನಾನು ಎಣ್ಣೆಯ ಹಾಳೆ ಬಿಚ್ಚಿದೆ. ಆದರೆ ಏನು ಮಾಡುವುದು, ರಕ್ತದಲ್ಲಿ ಬಂದದ್ದು ಹೋಗುವುದಿಲ್ಲ. ಕ್ಷಮೆ ಕೇಳಲು ಹೋದವಳು ಚೌಕಾಸಿಗೆ ಇಳಿದೆ. “ನಿನ್ನ ನಕ್ಷೆ ಮತ್ತೊಮ್ಮಿ ನೋಡಿದೆ. ಹತ್ತಕ್ಕ ಎಂಟು ಕೊಡತೀನಿ.”

“ಎರಡು ಯಾಕ ಕಡಿಮಿ ಮಾಡೀರಿ?”

“ಉತ್ತರ ಯಾವ ಕಡೆ ಅಂತ ಬಾಣ ಹಾಕಿಲ್ಲ.”

ಅವಳು ಉಡಿಯಲ್ಲಿದ್ದ ಹತ್ತಿಯನ್ನು ಚೀಲಕ್ಕೆ ಸುರಿದು, ಕೈ ಒರೆಸಿಕೊಂಡು, ನನ್ನ ಪೆನ್ನು ಕೇಳಿ ತೆಗೆದುಕೊಂಡಳು. ಹಾಳೆಯ ಬದಿಯಲ್ಲಿ ಕೆಳಮುಖವಾಗಿ ಒಂದು ಬಾಣ ಎಳೆದು ಅದರ ತುದಿಗೆ ‘ಉ’ ಎಂದು ಬರೆದಳು. ಸ್ಕೇಲ್ ಇಲ್ಲದೆ, ನೆಟ್ಟಗೆ. “ಈಗ?”

“ಹತ್ತು.”

“ನೈಲ್ ನದಿ ನೋಡಿದ್ರೇನು? ಹೆಂಗ ಹೋಗತೈತ್ರೀ?”

“ಮ್ಯಾಲಿಂದ ಕೆಳಗ.”

“ಮತ್ತ ಅಷ್ಟು ದೂರ ಯಾಕ ಹೋಗಿದ್ರಿ? ನಮ್ಮ ಹೊಲಕ್ಕ ಬಂದಿದ್ರ ಆಗ್ತಿತ್ತಲ್ರೀ.”

“ಏ, ಅಕ್ಕೋರಿಗೆ ಹಂಗ ಅಂತಾರೇನಬೇ!” ಎಂದು ದುರುಗಮ್ಮ ಗದರಿಸಿದಳು, ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು.

ಹತ್ತಕ್ಕೆ ಹತ್ತು ಕೊಟ್ಟೆನಲ್ಲ, ಮುಗಿಯಿತು ಎಂದುಕೊಂಡೆ. “ಹಂಗಾರ ಬರೋ ಗುರುವಾರ ಬಾ.”

“ಎಲ್ಲಾರ ಮುಂದ ಹೇಳತೀರೇನು, ನಂದು ಸರಿ ಇತ್ತು ಅಂತ?”

“ಹಾಳಿ ಮ್ಯಾಲೆ ಬರದು ಕೊಡತೀನಿ, ಸಹಿ ಮಾಡಿ. ಅವ್ವಗ ತೋರಿಸು.”

ಹುಲಿಗೆಮ್ಮ ಪೆನ್ನು ಕೈಗಿಟ್ಟು, ಚೀಲ ಎತ್ತಿಕೊಂಡು, ಹತ್ತಿಯ ಸಾಲು ಹಿಡಿದು ಹೊರಟಳು. ಐದು ಹೆಜ್ಜೆ. ಹತ್ತು ಹೆಜ್ಜೆ. ತಿರುಗಿ ನೋಡಲಿಲ್ಲ. ಅವ್ವ ಇದ್ದಿದ್ದರೆ ಬಳೆಯ ಗಂಟು ಪಕ್ಕಕ್ಕಿಟ್ಟು ನೋಡುತ್ತಿದ್ದಳು. ನಾನು ಮಾತ್ರ ಏರಿಯ ಮೇಲೆ ನಿಂತು, ಬಿಸಿಲಿನಲ್ಲಿ, ಕರೆಯುವ ಕೆಲಸ ನನ್ನ ಪಾಲಿಗೆ ಬಂದದ್ದನ್ನು ಅರಗಿಸಿಕೊಳ್ಳುತ್ತಿದ್ದೆ.

“ಖಲಾಸ್!” ಎಂದು ಕೂಗಿದೆ. “ಎಲ್ಲಾರ ಮುಂದ ಹೇಳತೀನಿ, ಬಾ!”

ಹೇಳಿದೆ. ಮುಂದಿನ ಗುರುವಾರ ಪ್ರಪಂಚದ ನಕ್ಷೆಯನ್ನು ತಲೆಕೆಳಗು ತೂಗುಹಾಕಿ, ಹುಲಿಗೆಮ್ಮನ ನಕ್ಷೆ ಸರಿ ಇತ್ತು, ತಪ್ಪಿದ್ದು ನಾನು ಎಂದು ಹೇಳಿದೆ. ಪುಸ್ತಕದ ನಕ್ಷೆಯಲ್ಲಿ ಉತ್ತರವನ್ನು ಮೇಲಿಡುವುದು ಎಲ್ಲರೂ ಒಪ್ಪಿಕೊಂಡ ಪದ್ಧತಿ, ಪರೀಕ್ಷೆಯಲ್ಲಿ ಹಾಗೇ ಬರೆಯಿರಿ, ಆದರೆ ಬಾಣ ನೋಡದೆ ಯಾವ ನಕ್ಷೆಯನ್ನೂ ನಂಬಬೇಡಿ ಎಂದೆ. ದೋಣಿಯವನ ‘ಶಾತ್ರಾ’ ಕಥೆಯನ್ನೂ ಹೇಳಿ, ಇನ್ನು ಮೇಲೆ ಇವಳನ್ನು ಶಾತ್ರಾ ಹುಲಿಗಿ ಎನ್ನೋಣ ಎಂದೆ.

“ಅದೂ ಬ್ಯಾಡ್ರೀ,” ಎಂದಳು ಅವಳು ಕುಳಿತಲ್ಲಿಂದಲೇ. “ಹುಲಿಗೆಮ್ಮ ಅಂದ್ರ ಸಾಕು.”

ತರಗತಿಯ ಹಿಂದಿನ ಸಾಲಿನಿಂದ ಯಾರದೋ ಸಣ್ಣ ದನಿ ಬಂತು: “ಹಂಗಾರ ಉಲ್ಟಾ ಟೀಚರ್!” ಇಡೀ ತರಗತಿ ನನ್ನ ಕೈಯ ಕೋಲು ನೋಡಿತು. ಹುಲಿಗೆಮ್ಮ ಎರಡು ತಿಂಗಳಲ್ಲಿ ಮೊದಲ ಸಲ ನಕ್ಕಳು, ಅದೂ ಡೆಸ್ಕಿನ ಕೆಳಗೆ ತಲೆ ಹಾಕಿ. ಹೆಸರು ಬಂದ ಜಾಗಕ್ಕೇ ತಿರುಗಿ ಬಂದಿತ್ತು. ಇಟ್ಟುಕೊಂಡೆ.

ಗೋಡೆಯ ನಕ್ಷೆಯನ್ನು ಅವಳೇ ಚಾಕ್‌ಪೀಸಿನಲ್ಲಿ ಬರೆದುಕೊಟ್ಟಳು, ವಳಕಮದಿನ್ನಿಯಿಂದ ಬಂದ ಪೇಂಟರ್ ಅದರ ಮೇಲೆ ಬಣ್ಣ ತುಂಬಿದ. ಡ್ಯಾಮ್ ಮೇಲೆ, ತುದಿಯ ಹೊಲ ಕೆಳಗೆ, ಉತ್ತರದ ಬಾಣ ನೆಲ ನೋಡುತ್ತಾ. ಹೆಡ್‌ಮಾಸ್ತರರು ತಲೆ ಕೆರೆದುಕೊಂಡರು. “ಟೀಚರ್, ಇನ್ಸ್‌ಪೆಕ್ಷನ್ನಿಗೆ ಬಂದವ್ರು ಉಲ್ಟಾ ಐತಿ ಅಂದ್ರ ಏನ ಹೇಳೂಣ್ರೀ?”

“ನೀವೇನೂ ಹೇಳಬ್ಯಾಡ್ರಿ ಸರ್. ಹುಲಿಗೆಮ್ಮನ್ನ ಕರೀರಿ.”

ಹೋಗುವವರಿಗೆ

ಈಜಿಪ್ಟಿಗೆ ಹೋಗುವವರು ನನ್ನ ನಾಲ್ಕೈದು ಮಾತು ಕೇಳಿ. ಒಂಟೆ ಹತ್ತುವ ಮೊದಲು ಇಳಿಯುವ ಬೆಲೆ ಮಾತಾಡಿಕೊಳ್ಳಿ. ದಿಕ್ಸೂಚಿಯನ್ನು ಅಂಗಡಿಯಲ್ಲೇ ನಾಲ್ಕು ಸಲ ತಿರುಗಿಸಿ ನೋಡಿ; ಬೆಲೆ ಇಳಿದ ಖುಷಿಯಲ್ಲಿ ಸರಕು ಮರೆಯಬೇಡಿ. ಶೇಂಗಾ ಚಟ್ನಿ ಎರಡು ಪೊಟ್ಟಣ ಹೆಚ್ಚಿಗೆ ಒಯ್ಯಿರಿ, ಒಂದು ದೋಣಿಯವನಿಗೆ ಹೋಗುತ್ತದೆ. ನಿಮ್ಮ ಅಜ್ಜ ಆಡುತ್ತಿದ್ದ ಕಚೇರಿ ಮಾತುಗಳನ್ನು ನೆನಪು ಮಾಡಿಕೊಂಡು ಹೋಗಿ, ಡಿಕ್ಷನರಿಗಿಂತ ಚೆನ್ನಾಗಿ ನಡೆಯುತ್ತವೆ. ದಾರಿ ಕೇಳಿದಾಗ ಯಾರಾದರೂ ‘ಮೇಲೆ’ ಎಂದರೆ ಅಲ್ಲೇ ಹೊರಡಬೇಡಿ, ನಿಮ್ಮ ನೀರು ಎತ್ತ ಕಡೆಯಿಂದ ಬರುತ್ತದೆ ಎಂದು ಇನ್ನೊಂದು ಮಾತು ಕೇಳಿ.

ನೀವು ನನ್ನ ಹಾಗೆ ಟೀಚರ್ ಆಗಿದ್ದರೆ ಇನ್ನೊಂದು. ಮಗು ಬರೆದ ನಕ್ಷೆಗೆ ಸೊನ್ನೆ ಸುತ್ತುವ ಮೊದಲು ಹಾಳೆಯನ್ನು ಒಮ್ಮೆ ತಿರುಗಿಸಿ ಹಿಡಿದು ನೋಡಿ. ಕುಳಿತಲ್ಲೇ ಆಗುವ ಕೆಲಸ, ಬಿಡಿಗಾಸು ಬೀಳುವುದಿಲ್ಲ. ನನಗೆ ಎರಡು ಲಕ್ಷ ಮೂವತ್ತು ಸಾವಿರ ಬಿತ್ತು, ಅದೂ ಇಳಿಸಿದ ಬೆಲೆ.